ನೆವಿಲ್‌ನ ಮೂಗು

ಆ ವರ್ಷ ಹಂಡೆಯ ದಿನ ಸಸ್ಕಿಯಾ ಒಂದು ಜಾಮ್ ಬಾಟಲಿಯನ್ನು ಎದೆಗೆ ಅವುಚಿಕೊಂಡು ಬಂದಳು. ಚಳಿ ತಾಗಬಾರದೆಂದು ಬಾಟಲಿಗೆ ಉಣ್ಣೆಯ ಕಾಲುಚೀಲ ತೊಡಿಸಿದ್ದಳು. ಅವಳು ಗೇಟು ದಾಟುವ ಮೊದಲೇ ನಾನು ಅದನ್ನು ನೋಡಿದ್ದೆ. ಅವಳ ಕಣ್ಣು ಯಾರನ್ನು ಹುಡುಕುತ್ತಿದೆ ಎಂಬುದನ್ನೂ ನೋಡಿದ್ದೆ.

ನಮ್ಮ ಡರ್ವೆಂಟ್ ಕಣಿವೆಯಲ್ಲಿ ಮಾರ್ಚ್ ಬಂತೆಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ಕೊಯ್ಲು. ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ನಾವೊಂದಿಷ್ಟು ಜನ ಆಗ ಅಗ್ನಿಶಾಮಕ ಶೆಡ್ಡಿನ ಹಿಂದೆ ಸೇರಿ, ಒಂದೇ ದೊಡ್ಡ ಹಂಡೆಯಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಬೇಯಿಸುತ್ತೇವೆ. ಹಂಡೆಯಿಂದ ಇಳಿಯುವ ಸಿಹಿನೀರು ಎಲ್ಲರಿಗೂ ಒಂದೇ. ಮನೆಗೆ ಎರಡೆರಡು ಡ್ರಮ್ಮು. ಅದಕ್ಕೆ ಯಾವ ಯೀಸ್ಟ್ ಹಾಕುತ್ತೀರಿ, ಯಾವ ಹಾಪ್ಸ್ ಹೂವು ಹಾಕುತ್ತೀರಿ ಎಂಬುದು ಅವರವರ ಗುಟ್ಟು. ಮೇ ತಿಂಗಳಲ್ಲಿ ಚೀಟಿಯಿಲ್ಲದ ಬಾಟಲಿಗಳನ್ನು ಸಭಾಂಗಣದ ಮೇಜಿನ ಮೇಲೆ ಸಾಲಾಗಿಟ್ಟು, ಯಾರದು ಯಾವುದೆಂದು ತಿಳಿಯದೆ ರುಚಿ ನೋಡಿ, ಒಬ್ಬರ ಮರ್ಯಾದೆ ಒಬ್ಬರು ಕಳೆಯುತ್ತೇವೆ.

"ಏನದು ಕಾಲುಚೀಲದಲ್ಲಿ, ಕೂಸಾ?" ಎಂದ ಬಾರ್ನಿ. ಅವನು ನಮ್ಮಲ್ಲಿ ಹಿರಿಯ. ಹಳೆಯ ದೋಣಿಯ ಹುಟ್ಟಿನಿಂದ ಹಂಡೆ ತಿರುವುತ್ತಿದ್ದ.

"ಕೂಸಿಗಿಂತ ಹಸಿವು ಜಾಸ್ತಿ ಇದಕ್ಕೆ," ಎಂದಳು ಸಸ್ಕಿಯಾ. "ಬೆಲ್ಜಿಯಮ್ಮಿನ ಯಾವ್ದೋ ತೋಟದ ಮನೆ ಯೀಸ್ಟ್. ನನ್ನ ಸ್ನೇಹಿತೆ ಕೊಟ್ಲು. ತಟ್ಟೇಲಿ ಒಂದು ಅಗುಳೂ ಬಿಡಲ್ಲ, ಅಂಥದ್ದು."

"ಹಾಗಾದ್ರೆ ನನ್ನ ಅಳಿಯನ ಸಂಬಂಧಿ."

ಎಲ್ಲರೂ ನಕ್ಕರು. ಸಸ್ಕಿಯಾ ಹೋದ ಚಳಿಗಾಲದಲ್ಲಷ್ಟೇ ಹೋಬಾರ್ಟ್‌ನಿಂದ ಬಂದು ಪೇಟೆಯಲ್ಲಿ ಬ್ರೆಡ್ ಅಂಗಡಿ ಹಾಕಿದವಳು. ನಲವತ್ತು ದಾಟಿರಬಹುದು. ಮೊಣಕೈವರೆಗೆ ಹಿಟ್ಟು. ಬಂದ ಮೊದಲ ವಾರವೇ ಬಾರ್ನಿಯ ಬಿಯರ್ ಮೂಸಿ, "ಇದು ಒದ್ದೆ ನಾಯಿ" ಎಂದು ಎಲ್ಲರೆದುರು ಹೇಳಿದ್ದಳು. ಬಾರ್ನಿ ಸಿಟ್ಟಾಗುತ್ತಾನೆಂದು ನಾನು ಕಾದೆ. ಅವನು ಅವಳಿಗೆ ಕುರ್ಚಿ ಎಳೆದುಕೊಟ್ಟ.

ಅವಳು ಬಾಟಲಿಯನ್ನು ನನ್ನ ಗಂಡ ನೆವಿಲ್‌ನ ಕೈಗಿಟ್ಟಳು. "ನಿನಗೇ ಅಂತ ತಂದೆ, ನೆವ್. ಒಂದು ಡ್ರಮ್ಮಿಗೆ ಹಾಕಿ ನೋಡು." ಆಮೇಲೆ ನನ್ನ ಕಡೆ ತಿರುಗಿ, "ನಿಮಗೇನೂ ಬೇಜಾರಿಲ್ಲ ತಾನೇ, ಮೆರಿಯಲ್?"

"ನನಗ್ಯಾಕೆ ಬೇಜಾರು," ಎಂದೆ. "ಒಳ್ಳೇದೇ ಆಯ್ತು."

ಇಂಥ ಮಾತು ನನಗೆ ಸುಲಭವಾಗಿ ಬರುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಅಷ್ಟು ವರ್ಷ ಕೂತವಳು. ಸದ್ದಿಲ್ಲದ ಮಾತು ಯಾವುದೆಂದು ಬಲ್ಲೆ.

ನೆವಿಲ್ ಬಾಟಲಿಯನ್ನು ಬಿಸಿಲಿಗೆ ಹಿಡಿದು, ಅಡಿಯಲ್ಲಿ ಕೂತ ಮಾಸಲು ಕೆಸರನ್ನು ನೋಡಿದ. ಮುಚ್ಚಳ ತೆರೆದು ಮೂಗಿಗೆ ಹಿಡಿಯಲಿಲ್ಲ. ಹಿಡಿದರೂ ಪ್ರಯೋಜನವಿರಲಿಲ್ಲ.

ನನ್ನ ಗಂಡ ಹಾಪ್ಸ್ ಒಣಗಿಸುವ ಗೂಡಿನಲ್ಲಿ ಕೆಲಸ ಮಾಡುತ್ತಿದ್ದವನು. ಹಸಿ ಹೂವು ಬಿಸಿಗಾಳಿಯಲ್ಲಿ ಎಷ್ಟು ಹೊತ್ತಿಗೆ ಸರಿಯಾಗಿ ಒಣಗಿತೆಂದು ಬಾಗಿಲಲ್ಲಿ ನಿಂತೇ ವಾಸನೆಯಿಂದ ಹೇಳುತ್ತಿದ್ದ. ಒಂದು ಚಳಿಗಾಲ ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಈಗ ಅದೇ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಗೂಡಿನ ಕಡೆ ಹೋಗುವುದಿಲ್ಲ. ಆದರೆ ಮನೆಯ ಬಿಯರ್ ಬಿಡಲಿಲ್ಲ. ನಾಲಗೆಗೆ ಸಿಹಿ, ಕಹಿ, ಹುಳಿ ತಿಳಿಯುತ್ತದಲ್ಲ, ಉಳಿದದ್ದನ್ನು ನೀನು ಹೇಳು ಎಂದ. ಸಂಜೆ ಊಟವಾದ ಮೇಲೆ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿ ಕೂರುತ್ತಾನೆ. ನಾನು ಮೂಸಿ ಹೇಳುತ್ತೇನೆ. ಕಿತ್ತಳೆ ಸಿಪ್ಪೆ. ಪೈನ್ ಮರದ ಅಂಟು. ಮಳೆ ನಿಂತ ಮೇಲಿನ ಬೇಲಿ. ಮದುವೆಯಾದಂದಿನಿಂದ ಅವನು ನನ್ನ ಮಾತನ್ನು ಅಷ್ಟು ಗಮನವಿಟ್ಟು ಬೇರೆ ಯಾವಾಗಲೂ ಕೇಳಿದ್ದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅವನ ಮೂಗು ಹೋದದ್ದು ನನಗೆ ಅಷ್ಟು ದುಃಖದ ಸಂಗತಿಯಾಗಿರಲಿಲ್ಲ.

ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಎಡಗಡೆಯ ಡ್ರಮ್ಮಿಗೆ ನಮ್ಮ ಹಳೆಯ ಇಂಗ್ಲಿಷ್ ಯೀಸ್ಟ್, ಬಲಗಡೆಯದಕ್ಕೆ ಸಸ್ಕಿಯಾಳದು. ಎರಡಕ್ಕೂ ಅದೇ ದಿನ ಬಳ್ಳಿಯಿಂದ ಬಿಡಿಸಿದ ಹಸಿ ಹಾಪ್ಸ್. ನಮ್ಮ ಯೀಸ್ಟ್ ಮರ್ಯಾದಸ್ಥ. ತಿನ್ನುವಷ್ಟು ತಿಂದು, ಸ್ವಲ್ಪ ಸಿಹಿ ಉಳಿಸಿ, ತಳದಲ್ಲಿ ಮಲಗುತ್ತದೆ. ಅವಳದು ಹಾಗಲ್ಲ. ಬೇರೆ ಯೀಸ್ಟುಗಳಿಗೆ ಜೀರ್ಣವಾಗದ ಸಿಹಿಯನ್ನೂ ಅದು ಒಡೆದು ತಿನ್ನುತ್ತದೆ. ಅದರ ಒಂದು ಹನಿ ಪಕ್ಕದ ಡ್ರಮ್ಮಿಗೆ ಬಿದ್ದರೆ ಸಾಕು, ಅಲ್ಲಿಯೂ ಕೂತು ಎಲ್ಲ ಬರಿದು ಮಾಡುತ್ತದೆ. ಅದಕ್ಕೇ ರುಚಿ ನೋಡಲು ಬಿಯರ್ ಎತ್ತುವ ಹೀರುಗೊಳವೆಗಳು ಎರಡಿದ್ದವು. ಬಲಗಡೆಯದಕ್ಕೆ ನೆವಿಲ್ ತಾನೇ ಕೆಂಪು ದಾರ ಕಟ್ಟಿ, "ಇದು ಅದಕ್ಕೆ ತಾಗಬಾರದು, ಅದು ಇದಕ್ಕೆ ತಾಗಬಾರದು. ತಿಳೀತಾ?" ಎಂದಿದ್ದ, ನನಗೆ ಹೇಳುವಂತೆ ತನಗೇ ಹೇಳಿಕೊಳ್ಳುತ್ತ.

ಒಂದು ವಾರ ಕಳೆದ ಮೇಲೆ ಬಟ್ಟಲು ಕೊಟ್ಟ. "ಹೇಳು."

"ಬಲಗಡೇದು ಲವಂಗ. ಕರಿಮೆಣಸು. ಕೊನೇಲಿ ಸ್ವಲ್ಪ ಪೇರ್ ಹಣ್ಣು."

"ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ನಮ್ದು?"

"ಕಿತ್ತಳೆ ಮಾರ್ಮಲೇಡ್. ಅದೂ ಚೆನ್ನಾಗಿದೆ."

ಅವನು ಕಣ್ಣು ತೆರೆದು ನನ್ನನ್ನು ನೋಡಿದ. ಏನೋ ಕೇಳುವವನಂತಿದ್ದ, ಕೇಳಲಿಲ್ಲ. ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದ. ಅಡುಗೆಮನೆಯ ಕಿಟಕಿ ತೆರೆದಿತ್ತು. "ಸಸ್ಕಿಯಾ, ಲವಂಗ ಬಂತಂತೆ," ಎಂದದ್ದು ಕೇಳಿಸಿತು. ಬಂತಂತೆ. ನನ್ನ ಮೂಗಿನಿಂದ ಬಂದದ್ದು ಅವಳ ಕಿವಿಗೆ ಹೋಗುವಾಗ ಊರ ಸುದ್ದಿಯಾಗಿತ್ತು. ಅವಳು ಏನೋ ಹೇಳಿದಳು. ಅವನು ಗಟ್ಟಿಯಾಗಿ ನಕ್ಕ. ಒಗೆದ ಬಟ್ಟೆಗಳ ನಡುವೆ ಅತ್ತಿಂದಿತ್ತ ನಡೆಯುತ್ತ ಬಹಳ ಹೊತ್ತು ಮಾತಾಡಿದ. ನಾನು ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

ಆಮೇಲೆ ಇಂಥ ಫೋನು ವಾಡಿಕೆಯಾಯಿತು. ಬ್ರೆಡ್ ಕೂಡ ಅವಳ ಅಂಗಡಿಯದೇ. ಮೊದಲೆಲ್ಲ ಪೇಟೆಗೆ ಹೋಗಿ ಬಾ ಎಂದರೆ ಗೊಣಗುತ್ತಿದ್ದವನು ಈಗ ಬ್ರೆಡ್ ಮುಗಿಯುವ ಮೊದಲೇ ಕೀಲಿಕೈ ಹುಡುಕುತ್ತಿದ್ದ.

ಅಷ್ಟರಲ್ಲಿ ಲಾನ್ಸೆಸ್ಟನ್‌ನಲ್ಲಿರುವ ನನ್ನ ತಂಗಿ ಕೋರಲ್‌ಗೆ ಮೊಣಕಾಲಿನ ಆಪರೇಷನ್ ಆಯಿತು. ಅವಳಿಗೆ ನಾನಲ್ಲದೆ ಯಾರಿಲ್ಲ. ಹೊರಡುವ ದಿನ ಶೆಡ್ಡಿಗೆ ಹೋಗಿ ನೋಡಿದೆ. ಎಡಗಡೆಯ ಡ್ರಮ್ಮು ಶಾಂತವಾಗಿತ್ತು. ಮುಚ್ಚಳದ ಮೇಲಿನ ನೀರಿನ ಕೊಳವೆಯಲ್ಲಿ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಸಿಹಿ ಅಳೆಯುವ ಹೈಡ್ರೋಮೀಟರನ್ನು ಒಳಗೆ ಬಿಟ್ಟಾಗ ಎಂದಿನಂತೆ ತಲೆ ಮೇಲೆತ್ತಿ ತೇಲಿತು: ಉಳಿಯಬೇಕಾದ ಸಿಹಿ ಉಳಿದಿದೆ, ಹುದುಗು ಮುಗಿದಿದೆ. ನೀನು ಬಂದ ಮೇಲೆ ಬಾಟಲಿಗೆ ತುಂಬೋಣ ಎಂದ ನೆವಿಲ್.

ತಂಗಿಯ ಮನೆಯಿಂದ ದಿನಾ ಫೋನ್ ಮಾಡುತ್ತಿದ್ದೆ.

"ಯಾರಾದ್ರೂ ಬಂದಿದ್ರಾ?" ಎಂದು ಒಂದು ದಿನ ಕೇಳಿದೆ.

"ಯಾರು ಬರ್ತಾರೆ," ಎಂದ.

ಕೋರಲ್ ಮಂಚದ ಮೇಲಿಂದ ನನ್ನ ಮುಖ ನೋಡಿದಳು. "ಏನಾಯ್ತೇ?"

"ಏನಿಲ್ಲ."

"ನಿನ್ನ 'ಏನಿಲ್ಲ' ನಂಗೊತ್ತು. ಚಿಕ್ಕೋಳಿದ್ದಾಗ ನನ್ನ ಬೊಂಬೆ ಮುರಿದಾಗ್ಲೂ ಹೀಗೇ ಅಂದಿದ್ದೆ."

ಮನೆಗೆ ಮರಳಿದಾಗ ನೆವಿಲ್ ತೋಟದಲ್ಲಿದ್ದ. ಚೀಲವನ್ನು ಜಗುಲಿಯಲ್ಲಿಟ್ಟು ನೇರ ಶೆಡ್ಡಿಗೆ ಹೋದೆ. ಬಾಗಿಲು ತೆರೆದ ಕೂಡಲೇ ಸದ್ದು ಕೇಳಿಸಿತು. ಗುಳುಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಳುಕ್. ಬಲಗಡೆಯದಿರಬೇಕು ಎಂದುಕೊಂಡೆ. ಅದು ಸುಮ್ಮನಿತ್ತು. ಎದ್ದು ಕೂತಿದ್ದು ಎಡಗಡೆಯದು, ನಮ್ಮದು.

ಸ್ವಲ್ಪ ಬಿಯರ್ ಎತ್ತಿ ಹೈಡ್ರೋಮೀಟರ್ ಬಿಟ್ಟೆ. ಅದು ಕುತ್ತಿಗೆಯವರೆಗೆ ಮುಳುಗಿಹೋಯಿತು. ಸಿಹಿ ಹೆಚ್ಚುಕಡಿಮೆ ಏನೂ ಉಳಿದಿಲ್ಲ. ಅವಳ ಯೀಸ್ಟ್ ನಮ್ಮ ಡ್ರಮ್ಮಿನೊಳಗೆ ಸೇರಿ ಮನೆ ಮಾಡಿಕೊಂಡಿತ್ತು.

ತಿರುವಿ ಹಾಕಿದ ಬಕೆಟ್ಟಿನ ಮೇಲೆ ಕೂತು ಯೋಚಿಸಿದೆ. ಅದು ಹಾರಿ ಬರುವುದಿಲ್ಲ. ಕೆಂಪು ದಾರದ ಕೊಳವೆಯನ್ನು ಬಲಗಡೆಯದರಲ್ಲಿ ಅದ್ದಿ, ತೊಳೆಯದೆ ಎಡಗಡೆಯದರಲ್ಲಿ ಅದ್ದಿದ್ದರೆ ಮಾತ್ರ ಹೀಗಾಗುತ್ತದೆ. ನೆವಿಲ್ ಹಾಗೆ ಮಾಡುವವನಲ್ಲ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ವಾಸನೆ ಬಾರದವನು, ಹೆಂಡತಿ ಊರಲ್ಲಿಲ್ಲದಾಗ, ಎರಡೂ ಡ್ರಮ್ಮಿನಿಂದ ಒಂದಾದ ಮೇಲೊಂದು ಬಿಯರ್ ಎತ್ತುವುದು ಯಾರಿಗಾಗಿ?

ಬೇರೆ ಹೆಂಗಸರು ಅಂಗಿಯ ಕಾಲರಿನ ಮೇಲೆ ಕೂದಲು ಹುಡುಕುತ್ತಾರಂತೆ. ನನಗೆ ಸಿಕ್ಕಿದ್ದು ಗುಳ್ಳೆ.

ಅಂದು ನೆವಿಲ್‌ಗೆ ಏನೂ ಹೇಳಲಿಲ್ಲ. ಅವನು ಕೋರಲ್‌ಳ ಕಾಲಿನ ಬಗ್ಗೆ ಕೇಳಿದ, ಕುರಿಮಾಂಸದ ಸಾರು ಬಡಿಸಿದ, ನನ್ನ ಚೀಲ ಒಳಗೆ ತಂದಿಟ್ಟ. ಒಂದೊಂದು ಉಪಚಾರವೂ ನನಗೆ ಸಾಕ್ಷಿಯಂತೆ ಕಂಡಿತು. ಮರುದಿನ ಬೆಳಿಗ್ಗೆ ನಾನೇ ಬ್ರೆಡ್ ತರಲು ಹೋದೆ.

ಸಸ್ಕಿಯಾ ಬಿಸಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತ, "ಬಂದ್ರಾ? ತಂಗಿ ನಡೀತಾಳಾ?" ಎಂದಳು.

"ನಡೀತಾಳೆ."

"ನಿಮ್ಮ ಶೆಡ್ಡು ಎಷ್ಟು ಚೊಕ್ಕವಾಗಿದೆ ಮೆರಿಯಲ್. ನನ್ನದು ನೋಡಿದ್ರೆ ನೀವು ಒಳಗೇ ಬರಲ್ಲ."

ನನ್ನ ಕೈ ಕೌಂಟರಿನ ಮೇಲಿತ್ತು. ಅಲ್ಲೇ ಇರಲು ಬಿಟ್ಟೆ. "ಯಾವಾಗ ನೋಡಿದ್ರಿ?"

"ಹೋದ ವಾರ. ನೆವ್ ಕರೆದ. ಹೇಳ್ಲಿಲ್ವಾ?" ಅವಳು ತಲೆ ಎತ್ತಿದಳು. ಮುಖದಲ್ಲಿ ಕಳ್ಳತನವಿರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ. "ಅಯ್ಯೋ, ಮರೆತಿರಬೇಕು. ಗಂಡಸರು."

"ಹೇಳಿದ, ಹೇಳಿದ," ಎಂದೆ. "ನಾನೇ ಮರೆತೆ."

ದಾರಿಯುದ್ದಕ್ಕೂ ಕಾರಿನಲ್ಲಿ ಮಡಿಲಲ್ಲಿಟ್ಟ ಬ್ರೆಡ್ಡಿನ ಬಿಸಿ ತೊಡೆ ಸುಡುತ್ತಿತ್ತು. ಅವಳು ಮುಚ್ಚಿಟ್ಟಿದ್ದರೆ ಅವಳನ್ನು ದ್ವೇಷಿಸಿ ಸಮಾಧಾನ ಪಡಬಹುದಿತ್ತು. ಅವಳು ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟವನು ನನ್ನ ಮನೆಯಲ್ಲಿದ್ದ.

ನೆವಿಲ್ ಅಡುಗೆಮನೆಯಲ್ಲಿ ಬೂಟಿನ ಮಣ್ಣು ಕೆರೆಯುತ್ತ ಕೂತಿದ್ದ. ಬ್ರೆಡ್ಡನ್ನು ಅವನ ಮುಂದಿಟ್ಟೆ.

"ಸಸ್ಕಿಯಾ ಬಂದಿದ್ದಳಂತೆ."

ಅವನ ಕೈ ನಿಂತಿತು. "ಹೂಂ."

"ಫೋನಲ್ಲಿ ಕೇಳಿದಾಗ ಯಾರು ಬರ್ತಾರೆ ಅಂದೆ."

"ಅಂದೆ. ತಪ್ಪಾಯ್ತು."

"ತಪ್ಪು ಯಾವುದು? ಅವಳು ಬಂದಿದ್ದಾ, ನೀನು ಹೇಳದೇ ಇದ್ದಿದ್ದಾ?"

"ಹೇಳದೇ ಇದ್ದಿದ್ದು. ಬಂದಿದ್ದು ಎರಡು ಬಟ್ಟಲು ಮೂಸೋಕೆ ಮೆರಿಯಲ್. ಮೂಸಿದ್ಲು, ಹೋದ್ಲು. ಚಹಾನೂ ಕುಡೀಲಿಲ್ಲ."

"ಮೂಸೋಕೆ ನಾನಿಲ್ವಾ?"

ಅವನು ಬೂಟನ್ನು ಕೆಳಗಿಟ್ಟ. ಆಮೇಲೆ, "ಹೋದ ವರ್ಷ ಮೇನಲ್ಲಿ, ನಮ್ಮ ಬಾಟಲಿ ತೆಗೆದಾಗ ಏನಾಯ್ತು ನೆನಪಿದೆಯಾ? ಯಾರೂ ಎರಡನೇ ಗುಟುಕು ಕುಡೀಲಿಲ್ಲ. ಒದ್ದೆ ರಟ್ಟು ಅಂದ್ರು. ಅದು ನಂದು ಅಂತ ಯಾರಿಗೂ ಗೊತ್ತಿರ್ಲಿಲ್ಲ, ಎಲ್ಲಾ ನಗ್ತಿದ್ರು, ನಾನೂ ನಕ್ಕೆ. ನೀನು ನನಗೆ ಏನಂದಿದ್ದೆ? ಜೇನು ಅಂದಿದ್ದೆ."

"ಜೇನೂ ಇತ್ತು."

"ರಟ್ಟು?"

ನಾನು ಬ್ರೆಡ್ಡಿನ ಕಾಗದ ಬಿಡಿಸತೊಡಗಿದೆ. "ಇತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಕಣ್ಣು ಮುಚ್ಕೊಂಡು ಕೂತಿರ್ತೀಯ ನೆವ್. ಆ ಮುಖಕ್ಕೆ ರಟ್ಟು ಅಂತ ಹೇಗೆ ಹೇಳ್ಲಿ?"

"ನಾನು ಕುರುಡ ಅಂತಿಟ್ಕೊ. ನನ್ನ ಕೈ ಹಿಡ್ಕೊಂಡು ಹೋಗ್ತಿದೀಯ. ಮುಂದೆ ಹೊಂಡ ಇದೆ. ಬೇಜಾರಾಗತ್ತೆ ಅಂತ 'ಮುಂದೆ ಹುಲ್ಲು' ಅಂತೀಯಾ?" ಅವನ ದನಿ ಏರಲಿಲ್ಲ. "ನಿನಗೆ ಎಲ್ಲಾ ಚೆನ್ನಾಗಿರತ್ತೆ. ಅವಳು ಒದ್ದೆ ನಾಯಿ ಅಂತಾಳೆ. ನನಗೆ ಆ ನಾಯಿ ಬೇಕು."

ನಾನು ಹೆದರಿದ್ದು ಬೇರೆ ಯಾವುದಕ್ಕೋ. ಅದೇ ಆಗಿದ್ದರೆ ಅಳಬಹುದಿತ್ತು, ಕೋರಲ್‌ಗೆ ಫೋನ್ ಮಾಡಬಹುದಿತ್ತು. ಇದಕ್ಕೆ ಏನು ಮಾಡಲಿ? ನನ್ನ ಗಂಡನನ್ನು ನೋಯಿಸುವ ಧೈರ್ಯ ಇನ್ನೊಬ್ಬಳಿಗಿತ್ತು, ಆ ನೋವಿಗಾಗಿ ಅವನು ಬ್ರೆಡ್ಡಿನ ನೆಪ ಮಾಡಿಕೊಂಡು ಪೇಟೆಗೆ ಹೋಗುತ್ತಿದ್ದ.

ಒಂದು ಬಾಣ ನನ್ನ ಬಳಿಯೂ ಇತ್ತು. ಬಿಟ್ಟೆ. "ನಮ್ಮ ಡ್ರಮ್ಮು ಹೋಯ್ತು."

"ಯಾವುದು?"

"ಎಡಗಡೇದು. ಅವಳ ಯೀಸ್ಟ್ ಒಳಗೆ ಹೋಗಿದೆ. ನೀರಾಗಿ ಕೂತಿದೆ. ಕೊಳವೆ ಯಾರ ಕೈಲಿತ್ತು?"

ಅವನು ಬಿಳಿಚಿಕೊಂಡ. "ಅವಳೇ ಎತ್ಕೊಂಡ್ಲು... ನಾನು ಬಟ್ಟಲು ಹಿಡಿದಿದ್ದೆ. ಏನೋ ಮಾತಾಡ್ತಿದ್ವಿ. ದಾರ ನೋಡು ಅಂತ ಹೇಳ್ಬೇಕಿತ್ತು." ಎದ್ದು, ಬೂಟು ಹಾಕದೆ, ಬರಿಯ ಕಾಲುಚೀಲದಲ್ಲೇ ಹಿತ್ತಲು ದಾಟಿ ಶೆಡ್ಡಿಗೆ ಹೋದ. ನಾನು ಹಿಂದೆಯೇ ಹೋದೆ. ಅವನ ಸಂಕಟ ನೋಡಲು ಹೋದೆನೆಂದರೆ ಸುಳ್ಳಲ್ಲ.

ಅವನು ಗುಳ್ಳೆ ನೋಡಿದ. ಹೈಡ್ರೋಮೀಟರ್ ಮುಳುಗುವುದನ್ನು ನೋಡಿದ. ಒಂದು ಬಟ್ಟಲು ತುಂಬಿ ನನ್ನತ್ತ ಚಾಚಿದ. "ಹೇಳು. ಈ ಸಲ ನಾಯಿ ಸಮೇತ ಹೇಳು. ಕೆಟ್ಟಿದ್ರೆ ಈಗ್ಲೇ ಚೆಲ್ಲಿ ಬರ್ತೀನಿ."

ಮೂಗನ್ನು ಬಟ್ಟಲಿಗೆ ಇಳಿಸಿದೆ.

ಕೊಯ್ಲಿನ ಬೆಳಿಗ್ಗೆ ಹಾಪ್ಸ್ ಬಳ್ಳಿಯ ಸಾಲಿನಲ್ಲಿ ನಿಂತು ಹೂವನ್ನು ಅಂಗೈಯಲ್ಲಿ ತಿಕ್ಕಿದರೆ ಬರುವ ಹಸಿರು ವಾಸನೆ ಮೊದಲು ಬಂತು. ನಮ್ಮ ಯೀಸ್ಟ್ ಉಳಿಸುತ್ತಿದ್ದ ಸಿಹಿ ಇಷ್ಟು ವರ್ಷ ಅದರ ಮೇಲೆ ಕಂಬಳಿಯಂತೆ ಬಿದ್ದಿತ್ತು. ಈಗ ಕಂಬಳಿ ಸರಿದಿತ್ತು. ಹಿಂದೆಯೇ ಏಪ್ರಿಕಾಟ್, ನೆಲ್ಲಿಯಂಥ ಹುಳಿ, ಮೆಣಸಿನ ಸಣ್ಣ ಚುರುಕು. ಅವಳ ಡ್ರಮ್ಮಿನ ಲವಂಗದ ಅಬ್ಬರ ಇಲ್ಲಿರಲಿಲ್ಲ. ಗುಟುಕರಿಸಿದೆ. ಹೊಳೆಯ ನೀರಿನಂತೆ ಗಂಟಲಲ್ಲಿ ಇಳಿದು ಸ್ವಚ್ಛವಾಗಿ ಮುಗಿಯಿತು. ನಮ್ಮ ಶೆಡ್ಡಿನಲ್ಲಿ ಇಷ್ಟು ಒಳ್ಳೆಯ ಬಿಯರ್ ಎಂದೂ ಆಗಿರಲಿಲ್ಲ. ಮಾಡಿದ್ದು ಅವಳ ಯೀಸ್ಟ್, ಅವಳ ಅಜಾಗರೂಕ ಕೈ.

ನೆವಿಲ್ ಕಾಯುತ್ತಿದ್ದ. ಒದ್ದೆ ರಟ್ಟು ಎಂದರೆ ಸಾಕಿತ್ತು. ಇಂದು ಅವನು ಕೆಟ್ಟ ಮಾತನ್ನೇ ಬೇಡಿದ್ದ, ನಂಬುತ್ತಿದ್ದ. ಡ್ರಮ್ಮನ್ನು ಬೇಲಿಯಾಚೆ ಉರುಳಿಸಿ ಬರುತ್ತಿದ್ದ. ಅವಳ ಕೈ ನಮ್ಮ ಬಿಯರ್ ಕೆಡಿಸಿತೆಂಬ ಮಾತು ಅವನ ಮನಸ್ಸಿನಲ್ಲಿ ಉಳಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೆ ಬಂತು. ಅದರ ರುಚಿಯೂ ತಿಳಿಯಿತು.

"ಚೆನ್ನಾಗಿದೆ," ಎಂದೆ.

ಅವನು ಭುಜ ಇಳಿಸಿದ. "ಮತ್ತೆ ಶುರು ಮಾಡಿದೆ."

"ಇಲ್ಲ ನೆವ್, ನಿಜವಾಗ್ಲೂ."

"ಈಗ ತಾನೇ ಹೋಯ್ತು ಅಂದೆ. ನೀರಾಗಿದೆ ಅಂದೆ. ನಾನು ಹೆದರಿದೆ ಅಂತ ಈಗ ಚೆನ್ನಾಗಿದೆ." ಅವನು ಜೇಬಿನಿಂದ ಫೋನ್ ತೆಗೆದ. "ಬಿಡು, ಸಸ್ಕಿಯಾನ ಕೇಳ್ತೀನಿ. ಐದು ನಿಮಿಷದಲ್ಲಿ ಬಂದು ಹೇಳ್ತಾಳೆ."

ಅವನ ಹೆಬ್ಬೆರಳು ಅವಳ ಹೆಸರು ಹುಡುಕುವುದು ಕಾಣಿಸುತ್ತಿತ್ತು. ಬಹಳ ಕೆಳಗೆ ಹೋಗಬೇಕಾಗಿರಲಿಲ್ಲ.

"ಇದು ಅವಳ ಯೀಸ್ಟಿನ ಕೆಲಸ," ಎಂದೆ. "ನಮ್ಮ ಯೀಸ್ಟಿಗೆ ಈ ಜನ್ಮದಲ್ಲಿ ಆಗ್ತಿರ್ಲಿಲ್ಲ. ಇಷ್ಟು ಚೆನ್ನಾಗಿರೋದು ನಾವು ಯಾವತ್ತೂ ಮಾಡಿಲ್ಲ, ಇದನ್ನ ನನ್ನ ಬಾಯಿಂದ ಹೇಳೋಕೆ ನನಗೆ ಹೊಟ್ಟೆ ಉರೀತಿದೆ. ಚೆಲ್ಲಿಬಿಡು ಅಂತ ಹೇಳೋಳಿದ್ದೆ. ರಟ್ಟು ಅಂತ ಹೇಳೋಳಿದ್ದೆ. ನೀನು ನಂಬ್ತಿದ್ದೆ."

ಹೆಬ್ಬೆರಳು ನಿಂತಿತು.

"ಹೊಟ್ಟೆ ಉರೀತಿದ್ಯಾ?" ಎಂದ, ಹೊಸ ವಾಸನೆಯೊಂದರ ಹೆಸರು ಕೇಳಿದವನ ಹಾಗೆ.

"ಹಂಡೆ ದಿನದಿಂದ. ಆ ಕಾಲುಚೀಲ ನೋಡಿದಾಗಿಂದ. ನೀನು ಹಿತ್ತಲಲ್ಲಿ ನಗ್ತೀಯಲ್ಲ, ಆವಾಗೆಲ್ಲ. ಅವಳ ಬ್ರೆಡ್ ಒಳ್ಳೇದು, ಅದಕ್ಕೂ."

"ಒಂದು ಮಾತು ಹೇಳ್ಲಿಲ್ಲ ನೀನು."

"ಈಗ ಹೇಳ್ತಿದೀನಿ."

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಟ್ಟಲನ್ನು ನೋಡಿದ. ಇಷ್ಟು ಕೆಟ್ಟ ಮಾತಿನ ಜೊತೆ ಬಂದ ಹೊಗಳಿಕೆ ಸುಳ್ಳಾಗಿರಲಾರದೆಂದು ಅವನಿಗೆ ಹೊಳೆದದ್ದು ನನಗೆ ಕಂಡಿತು. ಫೋನನ್ನು ಡ್ರಮ್ಮಿನ ಮುಚ್ಚಳದ ಮೇಲಿಟ್ಟ.

"ಅಂದ್ರೆ ಚೆಲ್ಲೋದು ಬೇಡ."

"ಚೆಲ್ಲಿದ್ರೆ ನಾನು ಮನೆ ಬಿಟ್ಟು ಕೋರಲ್ ಹತ್ರ ಹೋಗ್ತೀನಿ. ಆದ್ರೆ ಈಗ್ಲೇ ತುಂಬಬೇಡ. ಅದು ಪೂರ್ತಿ ತಿಂದು ಮುಗಿಸ್ಲಿ. ಇಲ್ದಿದ್ರೆ ಗ್ಯಾಸ್ ತುಂಬಿ ಬಾಟಲಿ ಸಿಡೀತವೆ."

"ಮೇಜಿನ ಮೇಲೆ ಇದನ್ನೇ ಇಡೋದಾ?"

"ಇದನ್ನೇ."

"ಸಸ್ಕಿಯಾಗೆ ಹೇಳ್ಬೇಕಲ್ಲ. ಅವಳು ಮಾಡಿದ ತಪ್ಪು ಇದು."

"ಹೇಳು," ಎಂದೆ. "ನಾಳೆ ಹೇಳು. ಕೊಳವೆ ತೊಳೆಯೋದು ಕಲಿ ಅಂತಾನೂ ಹೇಳು."

"ಇವತ್ತು ಬೇಡ್ವಾ?"

"ಇವತ್ತು ನನ್ನ ಕೇಳು."

ಅವನು ಬಕೆಟ್ಟಿನ ಮೇಲೆ ಕೂತ. ಒದ್ದೆಯಾದ ಕಾಲುಚೀಲ ಕಳಚಿ ಪಕ್ಕಕ್ಕಿಟ್ಟ. "ಎಲ್ಲಾ ಹೇಳು," ಎಂದ. "ಒಳ್ಳೇದು ಆಮೇಲೆ."

ಬಟ್ಟಲನ್ನು ಮತ್ತೆ ಮೂಗಿಗೆ ಹಿಡಿದೆ. ಅಡಿಯಲ್ಲಿ, ಎಲ್ಲದರ ಕೆಳಗೆ, ಆಗಷ್ಟೇ ಗೀರಿದ ಬೆಂಕಿಕಡ್ಡಿಯ ಸಣ್ಣ ಗಂಧಕದ ವಾಸನೆ ಇತ್ತು. ಮೊದಲ ಸಲವೇ ಗೊತ್ತಾಗಿತ್ತು, ಬಿಟ್ಟಿದ್ದೆ. ಈ ಸಲ ಅದರಿಂದಲೇ ಶುರು ಮಾಡಿದೆ.